ಎಂಜಿನ್ ಮಾತು

ನಮ್ಮೂರಿನ ಎಂಜಿನ್ ಕೋಣೆಯ ಗೋಡೆಯಿಂದ ಕಬ್ಬಿಣದ ಹಿಡಿಕೆಯೊಂದನ್ನು ಕಳಚಿ ಆ ಜಾಗದಲ್ಲಿ ಬೂದು ಬಣ್ಣದ ಪೆಟ್ಟಿಗೆಯೊಂದನ್ನು ಕೂರಿಸಿದ್ದು ಈ ಸೀಮೆಯ ಚರಿತ್ರೆಯಲ್ಲೇ ಅತ್ಯಂತ ಗಂಭೀರವಾದ ಘಟನೆ. ದೊರೆಗಳು ಬದಲಾದದ್ದು, ಹೊಳೆ ದಿಕ್ಕು ತಪ್ಪಿದ್ದು, ಪೇಟೆಗೆ ಬೆಂಕಿ ಬಿದ್ದದ್ದು ಎಲ್ಲವೂ ಇದರ ಮುಂದೆ ಸಣ್ಣ ಸಂಗತಿಗಳು. ಆಗೆಲ್ಲ ಜನ ಸತ್ತರು, ಇಲ್ಲವೇ ಬದುಕಿಕೊಂಡರು, ಅಷ್ಟೇ. ಪೆಟ್ಟಿಗೆ ಬಂದ ಮೇಲೆ ಜನ ತಾವು ಆಡಿದ ಮಾತಿಗೆ ತಾವೇ ಸಿಕ್ಕಿಬಿದ್ದರು. ಪೆಟ್ಟಿಗೆಯ ಉಸ್ತುವಾರಿ ನನ್ನದಾದ್ದರಿಂದ ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ನನ್ನ ಹೆಸರು ರುದ್ರಮುನಿ.

ನಮ್ಮೂರಿನಲ್ಲಿ ಎರಡು ಬಗೆಯ ಮಾತಿದೆ. ಹೊರಗಿನ ತಂತಿಯಿಂದ ಕರೆಂಟು ಬರುತ್ತಿರುವಾಗ ಆಡಿದ್ದು ಲೈನಿನ ಮಾತು. ಅದು ಹೋಗಿ ಊರಿನ ಜನರೇಟರಿನಿಂದ ದೀಪ ಉರಿಯುವಾಗ ಆಡಿದ್ದು ಎಂಜಿನ್ ಮಾತು. ಲೈನಿನ ಮಾತು ನಿಲ್ಲುತ್ತದೆ. ಎಂಜಿನ್ ಮಾತು ಲೈನ್ ಬಂದ ಕೂಡಲೇ ಬಿದ್ದುಹೋಗುತ್ತದೆ. ಅದನ್ನು ಹಿಡಿದು ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದಂತೆ. ನಮಗೆ ವಿಚಿತ್ರವಾಗಿ ಕಾಣುವುದು, ಹೊರಗೆ ಜನ ದಿನವಿಡೀ ಲೈನಿನಲ್ಲೇ ಮಾತಾಡಿಕೊಂಡು ಹೇಗೆ ಸಂಸಾರ ಮಾಡುತ್ತಾರೆ ಎಂಬುದು.

ಇಲ್ಲಿ ಅತ್ತೆ ಸೊಸೆಯರು ಎಂಜಿನ್ ಶುರುವಾಗುವುದನ್ನೇ ಕಾದು, ಸೆರಗು ಸಿಕ್ಕಿಸಿಕೊಂಡು, ಮನಸ್ಸಿನಲ್ಲಿದ್ದುದನ್ನೆಲ್ಲ ಅಂದು ಅನ್ನಿಸಿಕೊಂಡು, ಲೈನ್ ಬಂದ ಮೇಲೆ ಒಂದೇ ಮೊರದ ಎದುರು ಕೂತು ಅವರೆಕಾಯಿ ಸುಲಿಯುತ್ತಾರೆ. ಡಾಕ್ಟರು ಕೆಟ್ಟ ಸುದ್ದಿಯನ್ನು ಮೊದಲು ಎಂಜಿನ್‌ನಲ್ಲಿ ಹೇಳುತ್ತಾರೆ. ರೋಗಿ ಒಮ್ಮೆ ಅತ್ತು ಹಗುರಾದ ಮೇಲೆ ಲೈನಿನಲ್ಲಿ ಇನ್ನೊಮ್ಮೆ. ಪಂಚಾಯ್ತಿ ಅಧ್ಯಕ್ಷ ಹಾಲಪ್ಪನವರು ಭಾಷಣ ಮಾಡುವುದು ಎಂಜಿನ್ ಓಡುವಾಗ ಮಾತ್ರ. ಲೈನ್ ಇದ್ದರೆ ಅವರಿಗೆ ಗಂಟಲು ಕಟ್ಟುತ್ತದೆ. ಲೈನಿನ ಹೊತ್ತಿನಲ್ಲಿ ನಮ್ಮ ಪೇಟೆ ಬೀದಿ ಎಷ್ಟು ನಿಶ್ಶಬ್ದವೆಂದರೆ ಆ ತುದಿಯಲ್ಲಿ ಒಬ್ಬ ಕೆಮ್ಮಿದರೆ ಈ ತುದಿಯಲ್ಲಿ ಅದಕ್ಕೊಂದು ಅರ್ಥ ಹುಟ್ಟುತ್ತದೆ. ಎಲ್ಲರೂ ಮಾತನ್ನು ಅಳೆದು ಆಡುತ್ತಿರುತ್ತಾರೆ, ಉಳಿದವರು ಕಿವಿಯೊಡ್ಡಿರುತ್ತಾರೆ.

ಹಿಡಿಕೆಯ ಕಾಲದಲ್ಲಿ ಯಾವ ಗೊಂದಲವೂ ಇರಲಿಲ್ಲ. ಕೆಂಚಪ್ಪ ಎಂಬ ಮುದುಕ ಹಿಡಿಕೆಯನ್ನು ಮೇಲೆತ್ತಿದರೆ ಲೈನು, ಕೆಳಗೆಳೆದರೆ ಎಂಜಿನು. ಲೈನ್ ಬಂದಿತೋ, ಒಂದು ಕೈಯಲ್ಲಿ ಹಿಡಿಕೆ ಎತ್ತಿ ಇನ್ನೊಂದು ಕೈಯಲ್ಲಿ ಎಂಜಿನ್ ಆರಿಸಿ ಬೀಡಿ ಹಚ್ಚುತ್ತಿದ್ದ. ಸದ್ದಿದ್ದರೆ ಎಂಜಿನ್ ಮಾತು, ಸದ್ದು ನಿಂತರೆ ಲೈನಿನ ಮಾತು, ಕಿವಿಯಿದ್ದವರಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಹೋಗಿ ಇನ್ನೊಂದು ಬರುವ ನಡುವಿನ ಕತ್ತಲಲ್ಲಿ ಮಾತ್ರ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಕತ್ತಲಲ್ಲಿ ಆಡಿದ್ದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಯಾರಿಗೂ ತಿಳಿಯದು. ಅರ್ಧ ಆಕಳಿಕೆಯಲ್ಲಿದ್ದವರೂ ಅದನ್ನು ಅಲ್ಲೇ ತಡೆದುಕೊಳ್ಳುತ್ತಿದ್ದರು.

ಈಗ ನನ್ನ ಅಕ್ಕನ ವಿಷಯ. ದಾಕ್ಷಾಯಣಿ ಅಕ್ಕ ಬಸ್ಸು ಆಟೋಗಳ ಸೀಟು ಹೊಲಿಯುತ್ತಾಳೆ. ಅವಳ ಅಂಗಡಿಗೂ ನನ್ನ ಎಂಜಿನ್ ಕೋಣೆಗೂ ನಡುವೆ ಒಂದೇ ಗೋಡೆ. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡ. ಆಗ ಬೀದಿಯವರು ಅವಳ ಬಗ್ಗೆ ಏನೇನು ಆಡಬಹುದೋ ಅದನ್ನೆಲ್ಲ ಲೈನಿನಲ್ಲೇ ಆಡಿದರು. ಅಕ್ಕ ಒಂದಕ್ಕೂ ಉತ್ತರ ಕೊಡದೆ ಹೊಲಿಗೆ ಯಂತ್ರ ಕೊಂಡು ತಂದು ಕೂತಳು. ಈಗ ಅವಳಿಗೆ ಐವತ್ತರ ಹತ್ತಿರ. ಎದುರು ಸಾಲಿನಲ್ಲಿ ಪಂಪಾಪತಿಯವರ ತಕ್ಕಡಿ ರಿಪೇರಿ ಅಂಗಡಿ. ಸಂತೆಯ ತಕ್ಕಡಿಗಳೆಲ್ಲ ಅವರ ಕೈಯಿಂದಲೇ ಸರಿಯಾಗಬೇಕು. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವರಿಗೆ ಅನ್ನ ಇಳಿಯುವುದಿಲ್ಲ. ಬ್ರಹ್ಮಚಾರಿ, ಮಿತಭಾಷಿ, ನನಗೆ ಗೊತ್ತಿರುವವರಲ್ಲೆಲ್ಲ ಅತ್ಯಂತ ಪ್ರಾಮಾಣಿಕ. ಆದ್ದರಿಂದಲೇ ಅತ್ಯಂತ ಬೇಸರ ತರಿಸುವವರು.

ಪ್ರತಿ ಸಲ ಲೈನ್ ಹೋಗಿ ಎಂಜಿನ್ ಶುರುವಾದಾಗ ಪಂಪಾಪತಿಯವರು ಬೀದಿ ದಾಟಿ ಬಂದು, ಅರ್ಧ ಹೊಲಿದ ಬಸ್ ಸೀಟಿನ ಮೇಲೆ ಕೂತು, ಕೇಳುತ್ತಿದ್ದರು. "ದಾಕ್ಷಾಯಣಿಯವರೇ, ನನ್ನ ಮದುವೆ ಆಗ್ತೀರಾ?"

"ಆಗ್ತೀನಿ" ಎನ್ನುತ್ತಿದ್ದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ.

ಎಂಜಿನ್ ನಿಲ್ಲುತ್ತಿತ್ತು. ಬೀದಿ ಮೌನವಾಗುತ್ತಿತ್ತು. ಪಂಪಾಪತಿಯವರು ಗಂಟಲು ಸರಿಮಾಡಿಕೊಂಡು, "ಈಗ?" ಎನ್ನುತ್ತಿದ್ದರು.

"ನೋಡೋಣ ಬಿಡ್ರಿ" ಎಂದು ಅಕ್ಕ ಯಂತ್ರ ತುಳಿಯುತ್ತಿದ್ದಳು. ಅವರು ಎದ್ದು ಹೋಗುತ್ತಿದ್ದರು. ಎದುರು ಅಂಗಡಿಗಳವರು ತಮ್ಮತಮ್ಮೊಳಗೆ ನಗುತ್ತಿದ್ದರು. ಇದು ಎಷ್ಟೋ ವರ್ಷ ನಡೆಯಿತು. ಅಕ್ಕನ ಮನೆಯಲ್ಲೇ ಉಣ್ಣುವ ನಾನು ಒಂದು ಸಲ ಎಂಜಿನ್‌ನಲ್ಲೂ ಒಂದು ಸಲ ಲೈನಿನಲ್ಲೂ ಅವಳಿಗೆ ಬುದ್ಧಿ ಹೇಳಿದೆ. ಎರಡು ಸಲವೂ "ಸಾರು ಇನ್ನೊಂದಿಷ್ಟು ಹಾಕ್ಲಾ?" ಎಂದಳು.

ಅಷ್ಟರಲ್ಲಿ ಕೆಂಚಪ್ಪನ ಕೈ ನಡುಗತೊಡಗಿತು. ಹಿಡಿಕೆ ಒಮ್ಮೆ ಅರ್ಧದಲ್ಲೇ ನಿಂತು ಊರು ತುಂಬ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕಾಯಿತು. ಪಂಚಾಯ್ತಿಯವರು ಹಿಡಿಕೆ ತೆಗೆಸಿ ಪೆಟ್ಟಿಗೆ ತರಿಸಿದರು. ಅದನ್ನು ಕೂರಿಸಲು ಬಂದ ಮೆಕ್ಯಾನಿಕ್ ಸಡಗರದ ಮನುಷ್ಯ. ಎಂಜಿನ್ ಓಡಿಸಿ ಪರೀಕ್ಷೆ ಮಾಡುತ್ತ ನನ್ನ ಕಿವಿಯ ಹತ್ತಿರ ಕೂಗಿ ಕೂಗಿ ವಿವರಿಸಿದ.

"ಇದು ಸಂಶಯದ ಪ್ರಾಣಿ ಸಾರ್. ಲೈನ್ ಹೋದ್ರೆ ತಕ್ಷಣ ಹೋಯ್ತು ಅಂತ ಒಪ್ಪಲ್ಲ, ಒಂಚೂರು ಕಾದು ನೋಡುತ್ತೆ. ಆಮೇಲೆ ಎಂಜಿನ್ ಎಬ್ಬಿಸುತ್ತೆ. ಇಲ್ಲಿ ಎರಡು ಬ್ರೇಕರ್ ಇದಾವೆ, ಲೈನಿಂದು ಒಂದು, ಎಂಜಿನ್ನಿಂದು ಒಂದು. ಭಾಗ ಆಗಿರೋ ಅಣ್ಣತಮ್ಮಂದಿರ ಥರ, ಒಬ್ಬ ಮನೇಲಿದ್ರೆ ಇನ್ನೊಬ್ಬ ಹೊಸಿಲು ತುಳಿಯೋ ಹಾಗಿಲ್ಲ. ಒಂದನ್ನ ಬಿಡಿಸಿ, ಅದು ನಿಜವಾಗ್ಲೂ ಬಿಟ್ಕೊಂಡಿದೆಯಾ ಅಂತ ಖಾತ್ರಿ ಮಾಡ್ಕೊಂಡು, ಆಮೇಲೇ ಇನ್ನೊಂದನ್ನ ಕೂಡ್ಸೋದು. ಖಾತ್ರಿ ಸಿಗ್ಲಿಲ್ವಾ, ಕಿರುಚ್ಕೊಂಡು ಸುಮ್ನೆ ನಿಂತುಬಿಡುತ್ತೆ. ಲೈನ್ ವಾಪಸ್ ಬಂದಾಗ್ಲೂ ಅಷ್ಟೇ. ವೋಲ್ಟೇಜ್ ಸರಿಯಿದೆಯಾ, ಮೂರು ಫೇಸೂ ಇದಾವಾ ಅಂತ ನೋಡುತ್ತೆ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತ್ರೆ ಮಾತ್ರ ನಂಬುತ್ತೆ. ಆಮೇಲೆ..."

ಆಮೇಲೆ ಇನ್ನೂ ಬಹಳ ಹೇಳಿದ. ನಾನು ತಲೆಯಾಡಿಸಿದೆ. ಆದರೆ ಹೇಳಿದ್ದೆಲ್ಲ ಎಂಜಿನ್ ಓಡುತ್ತಿದ್ದಾಗ. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾರೂ ಎಂಜಿನ್ ಸದ್ದಿನಲ್ಲಿ ಹೇಳಿದ್ದನ್ನು ಗಂಟು ಕಟ್ಟಿಕೊಂಡು ಮನೆಗೆ ಒಯ್ಯುವುದಿಲ್ಲ. ಅವನು ಬಸ್ ಹತ್ತಿದ ಮೇಲೆ ನನಗೆ ಉಳಿದದ್ದು ಒಂದೇ ಸಂಗತಿ: ಪೆಟ್ಟಿಗೆ ತನ್ನ ಕೆಲಸ ತಾನೇ ನೋಡಿಕೊಳ್ಳುತ್ತದೆ, ನಾನು ಡೀಸೆಲ್ ತುಂಬಿದರೆ ಸಾಕು.

ಪೆಟ್ಟಿಗೆಗೆ ಧೂಳು ಕೂರಬಾರದೆಂದು ರೆಕ್ಸಿನ್ನಿನ ಹೊದಿಕೆಯೊಂದನ್ನು ಅಕ್ಕನಿಂದ ಹೊಲಿಸಿದೆವು. ಅವಳು ಅಳತೆಪಟ್ಟಿ ಹಿಡಿದು ಬಂದು, ಲೈನ್ ಹೋಗಿ ಬರುವವರೆಗೂ ಅದರ ಎದುರಿಗೇ ನಿಂತು, ಮಿನುಗುವ ದೀಪಗಳ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಳು. ಹೊದಿಕೆಗೆ ಅಚ್ಚುಕಟ್ಟಾದ ಸಣ್ಣ ಕಿಟಕಿಗಳನ್ನು ಕತ್ತರಿಸಿದಳು. ಚೆನ್ನಾಗಿದೆ ಎಂದೆ. ಅಷ್ಟೇ ಎಂದೆ.

ಪೆಟ್ಟಿಗೆಯ ಬಗ್ಗೆ ಊರಿನವರ ದೂರು ಒಂದೇ, ಅದು ಸೋಮಾರಿ ಎಂದು. ಹೊಳೆಯಾಚೆಯ ಹಳ್ಳಿಯಲ್ಲಿ ದೀಪ ಬಂದು ಎಷ್ಟೋ ಹೊತ್ತಾದರೂ ನಮ್ಮ ಎಂಜಿನ್ ಓಡುತ್ತಲೇ ಇರುತ್ತಿತ್ತು. ನಡುವೆ ಒಮ್ಮೆ ಬಲ್ಬು ಕಣ್ಣು ಮಿಟುಕಿಸಿದ ಹಾಗಾಗುತ್ತಿತ್ತು. ಎಂಜಿನ್ ಬಿಕ್ಕಳಿಸಿತು ಎನ್ನುತ್ತಿದ್ದರು ಜನ. ಅದಾದ ಮೇಲೂ ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು ಓಡಿ, ಆಮೇಲೆ ನಿಲ್ಲುತ್ತಿತ್ತು. ಎಂಜಿನ್ ಮಾತಾಡಲು ಹೆಚ್ಚು ಹೊತ್ತು ಸಿಕ್ಕಿತೆಂದು ಒಳಗೊಳಗೇ ಎಲ್ಲರಿಗೂ ಖುಷಿ.

ಅಕ್ಕ ಮಾತ್ರ ಪೆಟ್ಟಿಗೆ ಬಂದ ಮೇಲೆ ಇನ್ನಷ್ಟು ಸತಾಯಿಸತೊಡಗಿದಳು. ಪಂಪಾಪತಿಯವರು ಬಂದು ಕೇಳಿದರೆ ಮೊದಲಿನ ಹಾಗೆ ಕೂಡಲೇ ಹೇಳುತ್ತಿರಲಿಲ್ಲ. ಬಲ್ಬು ನೋಡುವಳು, ರೆಕ್ಸಿನ್ ಮಗುಚುವಳು, ಒಂದು ಸಾಲು ಹೊಲಿಯುವಳು, ಮತ್ತೆ ಬಲ್ಬು ನೋಡುವಳು. ಕೊನೆಗೊಮ್ಮೆ "ಆಗ್ತೀನಿ" ಎನ್ನುವಳು. ಸದ್ದು ನಿಂತ ಮೇಲೆ ಅವರು "ಈಗ?" ಎಂದರೆ, "ಆಗ್ಲೇ ಹೇಳಿದ್ನಲ್ಲ" ಎಂದು ಸಿಡುಕುವಳು. "ಅದು ಎಂಜಿನ್ ಮಾತಾಯ್ತಲ್ಲ" ಎಂದು ಅವರು ಮೆಲ್ಲಗೆ ಎದ್ದು ಹೋಗುವರು. ಅಕ್ಕ ಹಲ್ಲಿನಿಂದ ದಾರ ಕಡಿಯುವಳು. ಇವಳಿಗೆ ಮನಸ್ಸಿಲ್ಲ, ಆದರೆ ಬಿಡಲೂ ಇಷ್ಟವಿಲ್ಲ ಎಂದು ನಾನು ತೀರ್ಮಾನಿಸಿಕೊಂಡೆ.

ಪಂಪಾಪತಿಯವರೂ ಒಂದು ತೀರ್ಮಾನಕ್ಕೆ ಬಂದರು. ದೂರದ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕೆಲಸಕ್ಕೆ ಅವರನ್ನು ಕರೆದಿದ್ದರು. ಸೋಮವಾರ ಸಂತೆ ಮುಗಿಸಿ ಸಂಜೆ ಬಸ್ಸಿಗೆ ಹೊರಡುವುದಾಗಿ ನನಗೆ ಹೇಳಿದರು, ಅದೂ ಲೈನಿನಲ್ಲಿ. "ಎಂಜಿನ್ ಹೌದು ತಗೊಂಡು ಎಷ್ಟು ದಿನ ಅಂತ ಇರೋದು ರುದ್ರಮುನಿ? ಒಂದೇ ತಟ್ಟೆಗೆ ಕಲ್ಲು ಹಾಕ್ಕೊಂಡು ಕೂತ ಹಾಗಾಯ್ತು. ಅವರಿಗೂ ತೊಂದರೆ, ನೋಡೋರಿಗೂ ತಮಾಷೆ. ಹೋದ್ರೆ ಮತ್ತೆ ಬರಲ್ಲ."

ಅಕ್ಕನಿಗೆ ಹೇಳಿದೆ. ಅವಳು ಆ ರಾತ್ರಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.

ಆ ಸೋಮವಾರ ಮಧ್ಯಾಹ್ನವೇ ಮೆಕ್ಯಾನಿಕ್ ಆಯಿಲ್ ಬದಲಿಸಲು ಬಂದ. ಕೆಲಸ ಮುಗಿಸಿ ಇಬ್ಬರೂ ಸಾವಕ್ಕನ ಟೀ ಅಂಗಡಿಯಲ್ಲಿ ಕೂತೆವು. ಸಾವಕ್ಕನ ಅಂಗಡಿ ಎಂಜಿನ್ ಕೋಣೆಗೆ ಎದುರಾಗಿ, ಬಸ್ ನಿಲ್ಲುವ ಜಾಗದಲ್ಲಿದೆ. ಅಲ್ಲಿ ಬಸ್ ಕಾಯುವವರಿಗೆ ಚಾವಣಿಯಿಲ್ಲ. ಹಿಂದಿನ ಸಂತೆಯ ದಿನ ಎಂಜಿನ್ ಓಡುವಾಗ ಹಾಲಪ್ಪನವರು ಇದೇ ಅಂಗಡಿಯ ಬೆಂಚು ಹತ್ತಿ, ಚಾವಣಿ ಕಟ್ಟಿಸಿಯೇ ತೀರುತ್ತೇನೆಂದು ಉದ್ದುದ್ದ ಭಾಷಣ ಮಾಡಿದ್ದರು. ಎಂಜಿನ್ ಮಾತೆಂದು ಎಲ್ಲರೂ ಹಾಯಾಗಿ ಚಪ್ಪಾಳೆ ತಟ್ಟಿದ್ದರು. ಈಗಲೂ ಅವರು ಅದೇ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದರು. ಲೈನ್ ಇತ್ತು, ಹಾಗಾಗಿ ಸುಮ್ಮನಿದ್ದರು.

ನಾನು ಮೆಕ್ಯಾನಿಕ್‌ಗೆ ದೂರು ಹೇಳಿದೆ. "ನಿಮ್ಮ ಪೆಟ್ಟಿಗೆ ಡೀಸೆಲ್ ಹಾಳು ಮಾಡುತ್ತಪ್ಪ. ಲೈನ್ ಬಂದ ಮೇಲೂ ಎಂಜಿನ್ ಕರೆಂಟೇ ಕೊಡ್ತಾ ಇರುತ್ತೆ."

"ಎಲ್ಲಿ ಕೊಡುತ್ತೆ ಸಾರ್? ಅವತ್ತೇ ಹೇಳಿದ್ನಲ್ಲ. ಬಲ್ಬು ಒಂದ್ಸಲ ಮಿಟುಕುತ್ತಲ್ಲ, ಆಗ್ಲೇ ಎಂಜಿನ್ ಬ್ರೇಕರ್ ಬಿಟ್ಕೊಂಡು ಲೈನ್ ಬ್ರೇಕರ್ ಕೂತಿರುತ್ತೆ. ಆಮೇಲೆ ಊರಿಗೆ ಬರೋದು ಲೈನೇ. ಎಂಜಿನ್ ಸುಮ್ನೆ ಖಾಲಿ ಓಡುತ್ತೆ, ಮೈ ತಣ್ಣಗಾಗ್ಲಿ ಅಂತ. ಬಿಸಿಯಿದ್ದಾಗ ಒಮ್ಮೆಲೇ ನಿಲ್ಲಿಸಿದ್ರೆ ಕೆಡುತ್ತೆ."

ಸಾವಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಈ ಮಾತನ್ನು ಅವನು ಲೈನಿನಲ್ಲಿ ಆಡಿದ್ದ, ಬೀದಿಯೆಲ್ಲ ಕೇಳುವಂತೆ. ಆದ್ದರಿಂದ ಅದು ನಿಂತ ಮಾತು.

"ಅಂದ್ರೆ" ಎಂದಳು ಸಾವಕ್ಕ, ಒಂದೊಂದೇ ಅಕ್ಷರ ತೂಗಿ, "ಬಲ್ಬು ಮಿಟುಕಿದ ಮೇಲೆ ಸದ್ದಿನಲ್ಲಿ ಆಡಿದ್ದೆಲ್ಲ ಲೈನಿನ ಮಾತು?"

"ಅದೆಲ್ಲ ನಂಗೊತ್ತಿಲ್ಲಮ್ಮ. ಕರೆಂಟು ಮಾತ್ರ ಲೈನಿಂದು" ಎಂದು ಮೆಕ್ಯಾನಿಕ್ ಬನ್ನು ಅದ್ದಿ ತಿಂದ.

ಸುದ್ದಿ ಬೀದಿಯ ತುದಿ ಮುಟ್ಟಲು ತಡವಾಗಲಿಲ್ಲ. ಜನ ಹೊಸ್ತಿಲುಗಳ ಮೇಲೆ ನಿಂತು ಪೆಟ್ಟಿಗೆ ಬಂದಂದಿನಿಂದ ತಾವು ಏನೇನು ಅಂದಿದ್ದೇವೆಂದು ನೆನಪು ಮಾಡಿಕೊಂಡರು. ಒಬ್ಬ ತಮ್ಮನಿಗೆ ಬಾವಿ ಬಿಟ್ಟುಕೊಟ್ಟಿದ್ದ. ಒಬ್ಬಳು ಅತ್ತೆಯನ್ನು ಹೊಗಳಿದ್ದಳು, ತಮಾಷೆಗೆ. ಈಗ ಅತ್ತೆ ಅದನ್ನು ಬಿಡಲೊಲ್ಲಳು. ಎಲ್ಲರೂ ನನ್ನ ಹತ್ತಿರ ಬಂದು, ಇಂಥ ದಿನ ಇಂಥ ಮಾತು ಮಿಟುಕುವ ಮುಂಚಿನದೋ ಆಮೇಲಿನದೋ ಎಂದು ಕೇಳತೊಡಗಿದರು, ನಾನು ದಿನವಿಡೀ ಅವರ ಬಾಯಿಯನ್ನೇ ನೋಡುತ್ತ ಕೂತಿರುತ್ತೇನೆಂಬಂತೆ. ಹಾಲಪ್ಪನವರ ಭಾಷಣದ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಅಷ್ಟು ಉದ್ದದ ಭಾಷಣದ ಬಾಲ ಮಿಟುಕಿನ ಈಚೆ ಬರಲೇಬೇಕು, ಚಾವಣಿ ಬಂದದ್ದು ಆ ಬಾಲದಲ್ಲೇ.

"ಕಿವಿಗೆ ಎಂಜಿನ್ ಕೇಳಿಸ್ತಿತ್ತಾ ಇಲ್ವಾ?" ಎಂದರು ಹಾಲಪ್ಪನವರು. "ಕೇಳಿಸ್ತಿತ್ತು ಅಂದ್ಮೇಲೆ ಎಂಜಿನ್ ಮಾತು. ಪೆಟ್ಟಿಗೆ ಒಳಗೆ ಏನಾಗುತ್ತೋ ಅದು ಪೆಟ್ಟಿಗೆ ಸಂಸಾರ."

ಗದ್ದಲದ ನಡುವೆ ನನಗೆ ಒಂದು ವಿಷಯ ಹೊಳೆಯಿತು. ಅಕ್ಕ ಎರಡು ದಿನದ ಹಿಂದೆ "ಆಗ್ತೀನಿ" ಎಂದದ್ದು ಬಲ್ಬು ಮಿಟುಕಿದ ಮೇಲೆ. ಗೋಡೆಗೆ ಕಿವಿ ಹಚ್ಚಿದ್ದ ನಾನೇ ಕೇಳಿದ್ದೆ. ಪಂಪಾಪತಿಯವರ ಅಂಗಡಿಗೆ ಓಡಿದೆ. ಅವರು ತೂಕದ ಬಟ್ಟುಗಳನ್ನು ಒಂದೊಂದಾಗಿ ಒರೆಸಿ ಟ್ರಂಕಿಗೆ ಇಡುತ್ತಿದ್ದರು.

"ಪಂಪಣ್ಣ, ನಿಮಗೆ ಸಿಕ್ಕಿರೋದು ಲೈನಿನ ಹೌದು. ಟ್ರಂಕು ಬಿಚ್ಚಿ."

ವಿಷಯ ಕೇಳಿಕೊಂಡು ಅವರು ಒಂದು ಬಟ್ಟನ್ನು ಮತ್ತೆ ಒರೆಸಿದರು. "ಮುಳ್ಳು ಸಿಕ್ಕಿಹಾಕ್ಕೊಂಡಿದ್ದಾಗ ತೂಗಿದ್ದು ತೂಕ ಅಲ್ಲ ರುದ್ರಮುನಿ. ಅವರು ಎಂಜಿನ್ ಅಂದ್ಕೊಂಡು ಹೇಳಿದಾರೆ. ತಪ್ಪು ತಿಳ್ಕೊಂಡು ಆಡಿದ ಮಾತಿಗೆ ಒಬ್ಬ ಹೆಣ್ಣುಮಗಳನ್ನ ಕಟ್ಟಿಹಾಕಲಾ?"

"ಕಟ್ಟಿಹಾಕಿ ಅಂತ ಯಾರಂದ್ರು? ಒಂದು ಮಾತು ಹೋಗಿ ಕೇಳಿ."

"ಕೇಳಿದ್ರೆ ಒತ್ತಾಯ ಆಗುತ್ತೆ. ಅವರಿಗೆ ಹೇಳು, ಆ ಮಾತು ನಾನು ಮರೆತಿದೀನಿ ಅಂತ."

ಪ್ರಾಮಾಣಿಕರ ಜೊತೆ ಇದೇ ಕಷ್ಟ. ಕಳ್ಳನಾಗಿದ್ದರೆ ಇಷ್ಟು ಹೊತ್ತಿಗೆ ಮದುವೆ ಊಟವಾಗಿರುತ್ತಿತ್ತು. ನಾನು ಬೀದಿ ದಾಟಿ ಅಕ್ಕನ ಅಂಗಡಿಗೆ ಹೋದೆ. ಅವಳು ಒಂದು ಸೀಟಿಗೆ ನಾರು ತುಂಬುತ್ತಿದ್ದಳು, ಅಗತ್ಯಕ್ಕಿಂತ ಜೋರಾಗಿ. ನಡೆದದ್ದನ್ನೆಲ್ಲ ಹೇಳಿದೆ. ನಿನ್ನ ಮಾತು ಗೊತ್ತಿಲ್ಲದೆ ಲೈನಿನ ಮಾತಾಗಿಬಿಟ್ಟಿದೆ, ಆದರೆ ಪಂಪಣ್ಣ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ ಎಂದೆ.

"ಗೊತ್ತಿಲ್ಲದೆ?" ಎಂದಳು ಅಕ್ಕ. ನಾರು ಕೆಳಗಿಟ್ಟಳು. "ಹೊದಿಕೆಗೆ ಕಿಟಕಿ ಕತ್ತರಿಸಿದ್ದು ಯಾರೋ? ಯಾವ ದೀಪ ಯಾವಾಗ ಹತ್ತುತ್ತೆ ಅಂತ ನೋಡ್ದೆ ಕತ್ತರಿಸಿದ್ನಾ? ಆ ಪೆಟ್ಟಿಗೆ ಮೇಲೆ ಗೆರೆ ಎಳೆದು ಚಿತ್ರ ಬರೆದಿದಾರೆ. ಲೈನಿನ ದೀಪ ಕೂತ್ಕೊಂಡ ಮೇಲೂ ಸದ್ದು ಇರುತ್ತೆ ಅಂತ ಮೊದಲ ದಿನವೇ ಕಂಡೆ."

ನಾನು ಅರ್ಧ ಹೊಲಿದ ಸೀಟಿನ ಮೇಲೆ ಕೂತೆ. "ಹಾಗಾದ್ರೆ ಇಷ್ಟು ದಿನ ನೀನು..."

"ಇಷ್ಟು ದಿನವೂ ಲೈನಿನಲ್ಲೇ ಹೇಳಿದೀನಿ. ಪ್ರತಿ ಸಲ ಮಿಟುಕೋವರೆಗೂ ಕಾದು ಹೇಳಿದೀನಿ. ಕೂದಲೆಳೆ ವ್ಯತ್ಯಾಸ ಕಾಣೋ ಮನುಷ್ಯ, ತಲೆ ಮೇಲಿನ ಬಲ್ಬು ಕಾಣ್ಬೇಡ್ವಾ? ನಾನು ಅದನ್ನ ನೋಡ್ತಿದ್ರೂ ಅವರು ನೋಡ್ಲಿಲ್ಲ."

"ಸದ್ದು ನಿಂತ ಮೇಲೆ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ ಅಕ್ಕ."

ಅಕ್ಕ ಬೀದಿಯ ಕಡೆ ನೋಡಿದಳು. ಎದುರು ಸಾಲಿನಲ್ಲಿ ಆರೇಳು ಮಂದಿ ಏನೂ ಮಾಡದೆ ನಿಂತಿದ್ದರು. "ಇವರ ಮುಂದೆನಾ?" ಎಂದಳು, ತೀರ ಸಣ್ಣ ದನಿಯಲ್ಲಿ. "ಒಂದ್ಸಲ ಇವರ ಬಾಯಿಗೆ ಸಿಕ್ಕಿದೀನಿ, ಸಾಕು. ಆ ಮಾತು ಅವರೊಬ್ಬರ ಕಿವಿಗೆ ಮಾತ್ರ ಬೀಳ್ಬೇಕು. ಬಿದ್ದು ನಿಲ್ಲಲೂ ಬೇಕು. ಅಂಥ ಹೊತ್ತು ಈ ಊರಲ್ಲಿ ಇರ್ಲೇ ಇಲ್ಲ. ಪೆಟ್ಟಿಗೆ ಬಂದ ಮೇಲೆ ಒಂದು ಲೋಟ ಟೀ ಅಷ್ಟು ಸಿಕ್ತು."

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಹೊರಗೆ ಬಂದರೆ ಪಂಪಾಪತಿಯವರ ಟ್ರಂಕು ಆಗಲೇ ಬಸ್ಸಿನ ಮೇಲೇರಿತ್ತು, ಪಕ್ಕದಲ್ಲಿ ಗೋಣಿ ಸುತ್ತಿದ ದೊಡ್ಡ ತಕ್ಕಡಿ. ಅವರು ಕಿಟಕಿಯ ಪಕ್ಕ ಕೂತಿದ್ದರು. ಚಾವಣಿಯಿಲ್ಲದ ಜಾಗದಲ್ಲಿ ಅರ್ಧ ಊರು ಸೇರಿತ್ತು. ಕತ್ತಲು ಕವಿಯುವ ಹೊತ್ತು, ಸಾವಕ್ಕನ ಅಂಗಡಿಯ ಬಲ್ಬು ಹತ್ತಿತ್ತು. ನಾನು ಏದುಸಿರು ಬಿಡುತ್ತ ಕಿಟಕಿಗೆ ಕೈ ಹಾಕಿ, "ಪಂಪಣ್ಣ, ಅಕ್ಕನಿಗೆ ಮೊದಲಿಂದ..." ಎನ್ನುವಷ್ಟರಲ್ಲಿ ಬಲ್ಬು ಆರಿತು.

ಅಭ್ಯಾಸಬಲದಿಂದ ನನ್ನ ಬಾಯಿ ಮುಚ್ಚಿಕೊಂಡಿತು. ಊರೇ ಬಾಯಿ ಮುಚ್ಚಿಕೊಂಡಿತು. ಪೆಟ್ಟಿಗೆ ತನ್ನ ಸಂಶಯ ತೀರಿಸಿಕೊಂಡು ಎಂಜಿನ್ ಎಬ್ಬಿಸಿತು, ಬಲ್ಬು ಬಂತು. ಆಮೇಲೆ ನಾನು ಉಳಿದದ್ದನ್ನೆಲ್ಲ ಕೂಗಿ ಹೇಳಿದೆ, ಹೊದಿಕೆ, ಕಿಟಕಿ, ಎಲ್ಲ.

ಅವರ ಮುಖ ಬೆಳಗಿತು, ಮತ್ತೆ ಇಳಿಯಿತು. "ಕೇಳಿಸ್ತು ರುದ್ರಮುನಿ. ಆದ್ರೆ ಇದೂ ಎಂಜಿನ್ ಮಾತೇ ಆಯ್ತಲ್ಲ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಏನಾದರೂ ಅನ್ನುತ್ತಿದ್ದೆ, ಅಷ್ಟರಲ್ಲಿ ಜನ ದಾರಿ ಬಿಟ್ಟರು. ಅಕ್ಕ ಸೆರಗಿಗೆ ಹತ್ತಿದ ನಾರು ಕೊಡವುತ್ತ ಬಂದು ಕಿಟಕಿಯ ಕೆಳಗೆ ನಿಂತಳು. ಬಾಯಿ ಬಿಡಲಿಲ್ಲ. ಸಾವಕ್ಕನ ಅಂಗಡಿಯ ಬಲ್ಬಿನ ಕಡೆ ತಿರುಗಿ ನೋಡುತ್ತ ನಿಂತಳು. ಪಂಪಾಪತಿಯವರು ಅವಳನ್ನು ನೋಡಿದರು, ಆಮೇಲೆ ಅವಳ ಕಣ್ಣು ಹೋದ ಕಡೆ ನೋಡಿದರು. ಕೊನೆಗೂ ಆ ಮನುಷ್ಯ ಬಲ್ಬು ನೋಡಿದ.

ಬಸ್ಸಿನ ಡ್ರೈವರ್ ಹೊರಗಿನವನು, ಅವನಿಗೆ ಎಲ್ಲ ಮಾತೂ ಒಂದೇ. ಹಾರ್ನ್ ಒತ್ತಿದ. ಸಾವಕ್ಕ ಕೆಂಡದಂಥ ಟೀ ತಂದು ಅವನ ಕೈಗೆ ಕೊಟ್ಟು, "ಕುಡಿದು ಹೋಗಪ್ಪ. ಲೋಟ ಹಿತ್ತಾಳೇದು, ವಾಪಸ್ ಕೊಡ್ಬೇಕು" ಎಂದಳು.

ಹೊಳೆಯಾಚೆ ದೀಪಗಳು ಹತ್ತಿದವು. "ಲೈನ್ ಬಂತು" ಎಂದು ಜನ ಉಸಿರು ಬಿಟ್ಟರು. ಎಂಜಿನ್ ಓಡುತ್ತಲೇ ಇತ್ತು. ನಾನು ಕೋಣೆಗೆ ಓಡಿ ರೆಕ್ಸಿನ್ನಿನ ಕಿಟಕಿಯೊಳಗೆ ಇಣುಕಿದೆ. ಲೈನ್ ಬಂದಿತ್ತು, ಆದರೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ವೋಲ್ಟೇಜಿನ ಅಂಕಿ ಹತ್ತುವುದು, ಇಳಿಯುವುದು. ಇಳಿದಾಗಲೆಲ್ಲ ಪೆಟ್ಟಿಗೆ ಅಲ್ಲಿಯವರೆಗೆ ಕಾದದ್ದನ್ನು ಅಳಿಸಿ ಮೊದಲಿನಿಂದ ಕಾಯತೊಡಗುತ್ತಿತ್ತು. ನಾಲ್ಕು ದಿನ ಊರು ಬಿಟ್ಟು ಹೋದ ಗಂಡ ತಿರುಗಿ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುವ ಹೆಂಡತಿಯ ಹಾಗೆ.

ಕೈಯಿಂದ ಒತ್ತುವ ಗುಂಡಿಯೂ ಒಂದಿತ್ತು. ಒತ್ತಿದರೆ ಲೈನ್ ಹೇಗಿದ್ದರೂ ಸರಿ, ಬ್ರೇಕರ್ ಕೂರುತ್ತದೆ. ಬೀದಿಯಲ್ಲಿ ಎಷ್ಟು ಬಲ್ಬು ಸುಡುತ್ತವೋ ಅದು ನನ್ನ ಪಾಡು. "ಒತ್ತು ರುದ್ರಣ್ಣ" ಎಂದು ಬಾಗಿಲಲ್ಲಿ ಮುಕುರಿದವರು ಕೂಗಿದರು. "ಬಿಡಯ್ಯ ಅದರ ಪಾಡಿಗೆ" ಎಂದರು ಹಾಲಪ್ಪನವರು. ಮಿಟುಕಿನ ಈಚೆಯ ಮಾತು ಇಷ್ಟು ಜನರ ಎದುರು ನಿಂತುಬಿಟ್ಟರೆ ಚಾವಣಿಯೂ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಗುಂಡಿಯ ಮೇಲೆ ಬೆರಳಿಟ್ಟು ಹೊರಗೆ ನೋಡಿದೆ. ಅಕ್ಕ ಅಲ್ಲಿಂದಲೇ ನನ್ನನ್ನು ನೋಡಿ ಬೇಡವೆಂದು ಕೈ ಆಡಿಸಿದಳು. ಗುಂಡಿ ಒತ್ತಿ ತಂದ ಲೈನಿನಲ್ಲಿ ಆಡಿದ್ದನ್ನು ನಾಳೆ ಇದೇ ಬೀದಿ ಸಾಯುವವರೆಗೂ ಚರ್ಚೆ ಮಾಡುತ್ತದೆ. ಬೆರಳು ತೆಗೆದೆ.

ಡ್ರೈವರ್ ಟೀ ಮುಗಿಸಿದ. ಸಾವಕ್ಕನಿಗೆ ಲೋಟ ಕೊಟ್ಟು ಗೇರು ಹಾಕಿದ. ಬಸ್ಸು ಒಂದು ಸಲ ನಡುಗಿತು. ಪಂಪಾಪತಿಯವರು ಬಲ್ಬಿನಿಂದ ಕಣ್ಣು ಕೀಳಲಿಲ್ಲ, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವಾಗ ಅವರು ಹಾಗೇ ನೋಡುವುದು. ನನ್ನ ಎದುರು ಅಂಕಿ ಹತ್ತಿತು, ನಿಂತಿತು, ನಿಂತೇ ಇತ್ತು. ಪೆಟ್ಟಿಗೆಯೊಳಗೆ ಒಂದು ಪೆಟ್ಟಿನ ಸದ್ದು, ತುಸು ತಡೆದು ಇನ್ನೊಂದು ಪೆಟ್ಟು. ಬಲ್ಬು ಮಿಟುಕಿತು.

ಎಂಜಿನ್ ಸುಮ್ಮನೆ ಓಡುತ್ತಿತ್ತು, ಮೈ ತಣ್ಣಗಾಗಲಿ ಎಂದು. ಆ ಸದ್ದಿನಲ್ಲಿ ಅಕ್ಕ ಬಸ್ಸಿನ ಜೊತೆ ಎರಡು ಹೆಜ್ಜೆ ಹಾಕಿ, ಕಿಟಕಿಯ ಸರಳು ಹಿಡಿದು ಏನೋ ಹೇಳಿದಳು. ತುಟಿ ಅಲುಗಿದ್ದು ಎಲ್ಲರಿಗೂ ಕಂಡಿತು. ಮಾತು ಒಬ್ಬರಿಗೂ ಕೇಳಲಿಲ್ಲ. ಪಂಪಾಪತಿಯವರು ಬಗ್ಗಿ ಏನೋ ಕೇಳಿದರು. ಅದಕ್ಕೆ ಅವಳು ಇನ್ನೂ ಉದ್ದವಾದದ್ದೇನೋ ಹೇಳಿದಳು. ಕೈ ಬೀಸಿದ ರೀತಿ ನೋಡಿದರೆ ಬೈಗುಳವೇ ಇರಬೇಕು. ಅವರು ಎದ್ದು ಬಸ್ಸಿನ ಗೋಡೆ ಬಡಿದರು. ಬಸ್ಸು ನಿಂತಿತು. ಅದರ ಹಿಂದೆಯೇ ಎಂಜಿನ್ ಕೂಡ ನಿಂತಿತು.

ಬೀದಿಯೆಲ್ಲ ಕಿವಿಯಾಯಿತು. ಆ ಮೌನದಲ್ಲಿ ಅಕ್ಕ, ಎಲ್ಲರಿಗೂ ಕೇಳುವ ಹಾಗೆ, ಬಸ್ಸಿನ ಮೇಲಿದ್ದ ಕ್ಲೀನರ್‌ಗೆ ಹೇಳಿದಳು. "ಟ್ರಂಕು ಇಳ್ಸಪ್ಪ. ತಕ್ಕಡಿ ಹುಷಾರು, ಮುಳ್ಳು ಬಗ್ಗೀತು."

ಹಾಲಪ್ಪನವರು ಮರುದಿನ ಎಂಜಿನ್ ಓಡುವಾಗ ಸಭೆ ಕರೆದರು. ಅವಳು ಕಿಟಕಿಯ ಹತ್ತಿರ ಏನಂದಳೆಂದು ಯಾರೂ ಕೇಳಿಸಿಕೊಂಡಿಲ್ಲ, ಕೇಳಿಸದ ಮಾತು ನಿಂತಿತೋ ಬಿತ್ತೋ ಹೇಳಲಾಗದು, ಆದ್ದರಿಂದ ಚಾವಣಿಗೆ ಅದು ಆಧಾರವಾಗದು ಎಂದು ಅವರ ವಾದ. ಅಕ್ಕನನ್ನು ಕೇಳಿದರು. ಅವಳು "ಆಗ್ಲೇ ಹೇಳಿದ್ನಲ್ಲ" ಎಂದಳು. ಪಂಪಾಪತಿಯವರನ್ನು ಕೇಳಿದರು. ಅವರು ನಕ್ಕರು, ನಮ್ಮೂರಿನವರು ಅವರು ನಗುವುದನ್ನು ನೋಡಿದ್ದು ಅದೇ ಮೊದಲು.

ಮುಂದಿನ ತಿಂಗಳು ಮದುವೆಯಾಯಿತು. ಬಸ್ ಕಾಯುವವರು ಈಗಲೂ ಬಿಸಿಲಿನಲ್ಲೇ ನಿಲ್ಲುತ್ತಾರೆ.